ಜೂನ್ 16, 1992ಕ್ಕೆ ಮುಂಚಿನ ಮನೆ

ಹಳೇಬೀಡಿಗೆ ಹೋದವರೆಲ್ಲ ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಪಕ್ಕದಲ್ಲೇ ಹಾದು ಹೋಗಿರ್ತೀರ. ನಿಂತು ಓದಿರೋರು ಕಡಿಮೆ. ಚಪ್ಪಲಿ ಬಿಡಬೇಕು, ಗೈಡ್ ಹತ್ತಿರ ರೇಟು ಮಾತಾಡಬೇಕು, ಸಂಜೆಯೊಳಗೆ ಬೇಲೂರನ್ನೂ ಮುಗಿಸಿಕೊಂಡು ಬೆಂಗಳೂರಿನ ಟ್ರಾಫಿಕ್‌ಗೆ ಸಿಗದ ಹಾಗೆ ವಾಪಸ್ ಹೊರಡಬೇಕು. ಬೋರ್ಡು ಓದೋಕೆ ಯಾರಿಗೆ ಟೈಮಿದೆ? ಆದರೆ ದೇವಸ್ಥಾನದ ಎದುರಿನ ಬೀದಿಯಲ್ಲಿ, ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಬೋರ್ಡಿನಲ್ಲಿರೋ ಎರಡು ಅಂಕಿ ಬಾಯಿಪಾಠ. 100 ಮತ್ತು 200. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ. ಎರಡನೆಯದರಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ಇದ್ದ ಮನೆ ರಿಪೇರಿ ಮಾಡಿಸೋಕಂತೂ ಎರಡರಲ್ಲೂ ಅನುಮತಿ ಬೇಕು.

ನಾನು ಅರಸೀಕೆರೆ ಕಡೆಯ ಹಳ್ಳಿಯವನು. ನಮ್ಮ ಸೀಮೆಯಲ್ಲಿ ಹೊಯ್ಸಳರ ಗುಡಿ ಅಂದರೆ ಅಪರೂಪದ ವಸ್ತು ಅಲ್ಲ. ಅರಸೀಕೆರೆ ಪಟ್ಟಣದೊಳಗೇ 1220ರ ಈಶ್ವರ ದೇವಸ್ಥಾನ ಇದೆ, ಅದರ ನಕ್ಷತ್ರಾಕಾರದ ಮುಖಮಂಟಪ ನೋಡೋಕೆ ದೂರದಿಂದ ಜನ ಬರ್ತಾರೆ. ಹತ್ತಿರದ ಹಾರನಹಳ್ಳಿಯಲ್ಲಿ 1235ರ ಸುಮಾರಿನ ಎರಡು ಗುಡಿ. ಹಳೇಬೀಡಿನ ದಾರಿಯಲ್ಲಿ ಜಾವಗಲ್. ಈ ಗುಡಿಗಳೆಲ್ಲ ಕಾಡಿನ ಮಧ್ಯೆ ಇಲ್ಲ, ಊರೊಳಗೇ ಇವೆ. ಗುಡಿಯ ಗೋಡೆಗೆ ಆತುಕೊಂಡ ಹಾಗೆ ಬೀದಿ, ಬೀದಿಗೆ ಆತುಕೊಂಡು ಹೆಂಚಿನ ಮನೆ, ಮನೆ ಹಿಂದೆ ಹಿತ್ತಲು, ತಿಪ್ಪೆ, ಕೊಟ್ಟಿಗೆ. ಹಾಗಾಗಿ ನೂರು ಮೀಟರ್ ಅನ್ನೋದು ನಮ್ಮಲ್ಲಿ ಖಾಲಿ ಜಾಗದ ಅಳತೆ ಅಲ್ಲ. ಅದು ಊರಿನ ಅಳತೆ.

ಎಂಜಿನಿಯರ್ ಬುದ್ಧಿ, ಒಂದು ಲೆಕ್ಕ ಹಾಕಿಬಿಡೋಣ. ಸಂರಕ್ಷಿತ ಜಾಗ 100 ಮೀಟರ್ ಉದ್ದ, 100 ಮೀಟರ್ ಅಗಲದ ಚೌಕ ಅಂತಿಟ್ಟುಕೊಳ್ಳಿ. ಅಂದರೆ ಎರಡೂವರೆ ಎಕರೆ. ದೂರವನ್ನು ಗುಡಿಯ ಗೋಡೆಯಿಂದ ಅಳೆಯಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಅಳೀತಾರೆ. ಸುತ್ತ 100 ಮೀಟರ್ ಸೇರಿಸಿದರೆ ಒಟ್ಟು ಸುಮಾರು 20 ಎಕರೆ ಆಯ್ತು. 300 ಮೀಟರ್ ಸೇರಿಸಿದರೆ ಸುಮಾರು 102 ಎಕರೆ. ಎರಡೂವರೆ ಎಕರೆಯ ಗುಡಿಗೆ ನೂರೆರಡು ಎಕರೆಯ ನಿಯಮ. ನಮ್ಮ ಕಡೆ ಎಷ್ಟೋ ಹಳ್ಳಿಗಳ ಗ್ರಾಮಠಾಣ ಇಡಿಯಾಗಿ ಇದರೊಳಗೆ ಕೂತುಬಿಡುತ್ತೆ.

ಈ ಅಂಕಿ ಎಲ್ಲಿಂದ ಬಂತು? ಬ್ರಿಟಿಷ್ ಇಂಡಿಯಾದಲ್ಲಿ ಲಾರ್ಡ್ ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಅಳತೆ ಇರಲಿಲ್ಲ. ಮೈಸೂರು ಸಂಸ್ಥಾನ ಅದಕ್ಕೂ ಮುಂಚೆಯೇ, 1885ರಲ್ಲಿ, ತನ್ನದೇ ಪುರಾತತ್ವ ಇಲಾಖೆ ಶುರು ಮಾಡಿತ್ತು. ಬಿ.ಎಲ್. ರೈಸ್ ಊರೂರು ಸುತ್ತಿ ಶಾಸನ ಪ್ರತಿ ಮಾಡಿಸಿದರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲಿ ಅಚ್ಚಾಯ್ತು. ಆಮೇಲೆ ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇವರೆಲ್ಲ ಗುಡಿಯನ್ನು ನೋಡಿದರು, ಕಲ್ಲನ್ನು ಓದಿದರು. ಸುತ್ತಲಿನ ಮನೆಗಳಿಗೆ ಗೆರೆ ಎಳೆಯೋ ಪ್ರಶ್ನೆ ಆಗ ಎದ್ದಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1958ರಲ್ಲಿ ಈಗಿರೋ ಕೇಂದ್ರ ಕಾಯ್ದೆ ಬಂತು, ಮರುವರ್ಷ ಅದರ ನಿಯಮಗಳು. ಸ್ಮಾರಕದ ಹತ್ತಿರ ನಿಷೇಧಿತ, ನಿಯಂತ್ರಿತ ಪ್ರದೇಶ ಅಂತ ಘೋಷಿಸಬಹುದು ಅನ್ನೋ ಅಧಿಕಾರ ಆ ನಿಯಮಗಳಲ್ಲಿತ್ತು. ಆ ಅಧಿಕಾರ ಬಳಸಿ 1992ರ ಜೂನ್ 16ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸ್ತು. ದೇಶದ ಎಲ್ಲಾ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೂ ಒಂದೇ ಅಳತೆ: 100 ಮೀಟರ್, ಆಮೇಲೆ 200 ಮೀಟರ್. ತಾಜ್‌ಮಹಲಿಗೂ ಅಷ್ಟೇ, ಅರಸೀಕೆರೆ ಈಶ್ವರನಿಗೂ ಅಷ್ಟೇ, ಎಲ್ಲೋ ರಸ್ತೆ ಬದಿಯ ಒಂದು ಹಳೇ ಗೋರಿಗೂ ಅಷ್ಟೇ. ಈಗ ಇಂಥ ಸ್ಮಾರಕಗಳು ದೇಶದಲ್ಲಿ ಸುಮಾರು 3,700 ಇವೆ.

ಮುಂದಿನ ಹದಿನೇಳು ವರ್ಷ ಗೆರೆ ಇತ್ತು, ಗೆರೆಯಲ್ಲಿ ತೂತೂ ಇತ್ತು. ಸಲಹಾ ಸಮಿತಿಯೊಂದನ್ನು ಇಟ್ಟುಕೊಂಡು 100 ಮೀಟರ್ ಒಳಗೂ ಅನುಮತಿ ಕೊಡ್ತಿದ್ದರು. 2009ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟ್, ಇದಕ್ಕೆ ಕಾನೂನಿನ ಆಧಾರ ಇಲ್ಲ ಅಂದಿತು. ತರಾತುರಿಯಲ್ಲಿ 2010ರ ಜನವರಿಯಲ್ಲಿ ಸುಗ್ರೀವಾಜ್ಞೆ, ಮಾರ್ಚಿನಲ್ಲಿ ತಿದ್ದುಪಡಿ ಕಾಯ್ದೆ. ಅಧಿಸೂಚನೆಯಲ್ಲಿದ್ದ ಅಳತೆ ಈಗ ಸಂಸತ್ತಿನ ಕಾಯ್ದೆಯೊಳಗೇ ಬಂತು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅನ್ನೋ ಹೊಸ ಸಂಸ್ಥೆ ಹುಟ್ಟಿತು. ಅರ್ಜಿ ತಗೊಳ್ಳೋಕೆ ಸಕ್ಷಮ ಪ್ರಾಧಿಕಾರಗಳು ಬಂದವು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 1992ರ ಜೂನ್ 16 ಅನ್ನೋ ತಾರೀಖು ಮಾತ್ರ ಕಾಯ್ದೆಯೊಳಗೆ ಹಾಗೇ ಉಳ್ಕೊಂಡಿತು. ಅವತ್ತಿಗೆ ನಿಂತಿದ್ದ ಮನೆ ಲೆಕ್ಕಕ್ಕುಂಟು. ಅದಕ್ಕಿಂತ ಈಚೆಗೆ ಅನುಮತಿ ಇಲ್ಲದೆ ಎದ್ದಿದ್ದು ಅನಧಿಕೃತ.

ಇಲ್ಲಿಂದ ಮುಂದೆ ಎಲ್ಲವೂ ಮೂರು ಪದಗಳ ಆಟ. ಕಾಯ್ದೆ ಈ ಮೂರಕ್ಕೂ ಬೇರೆ ಬೇರೆ ಅರ್ಥ ಕೊಡುತ್ತೆ. 'ನಿರ್ಮಾಣ' ಅಂದರೆ ಹೊಸದಾಗಿ ಕಟ್ಟೋದು, ಇದ್ದದ್ದನ್ನ ಮೇಲಕ್ಕೋ ಅಡ್ಡಕ್ಕೋ ಬೆಳೆಸೋದೂ ಇದರಲ್ಲೇ ಬರುತ್ತೆ. 'ಪುನರ್ನಿರ್ಮಾಣ' ಅಂದರೆ ಮುಂಚೆ ಇದ್ದ ಅಳತೆಯಲ್ಲೇ, ಅಷ್ಟೇ ಎತ್ತರ ಅಷ್ಟೇ ಅಗಲಕ್ಕೆ, ಮತ್ತೆ ಕಟ್ಟೋದು. 'ದುರಸ್ತಿ ಮತ್ತು ನವೀಕರಣ' ಅಂದರೆ ಇರೋ ಕಟ್ಟಡದೊಳಗೆ ಮಾಡೋ ಬದಲಾವಣೆ. ಆದರೆ ಅದು ನಿರ್ಮಾಣವೂ ಆಗಿರಬಾರದು, ಪುನರ್ನಿರ್ಮಾಣವೂ ಆಗಿರಬಾರದು. 200 ಮೀಟರ್‌ನ ನಿಯಂತ್ರಿತ ಪ್ರದೇಶದಲ್ಲಿ ಮೂರಕ್ಕೂ ಅರ್ಜಿ ಹಾಕಬಹುದು. 100 ಮೀಟರ್ ಒಳಗೆ ಅರ್ಜಿ ಹಾಕೋಕೆ ಅವಕಾಶ ಇರೋದು ಮೂರನೆಯದಕ್ಕೆ ಮಾತ್ರ, ಅದೂ 1992ಕ್ಕೆ ಮುಂಚಿನ ಮನೆಗೆ, ಅಥವಾ ಆಮೇಲೆ ಅನುಮತಿ ಪಡೆದೇ ಕಟ್ಟಿದ ಮನೆಗೆ.

ಓದೋಕೆ ಚೆನ್ನಾಗಿದೆ, ನ್ಯಾಯವಾಗೂ ಇದೆ ಅನ್ನಿಸುತ್ತೆ. ಇದ್ದ ಮನೆ ಇರಲಿ, ಹೊಸದು ಬೇಡ ಅಂತ ತಾನೇ? ಇದೇ ನಿಯಮವನ್ನ ಒಂದು ಮಣ್ಣಿನ ಮನೆಗೆ ಹಚ್ಚಿ ನೋಡಿ.

ನಮ್ಮ ಕಡೆಯ ಹಳೇ ಮನೆ ಅಂದರೆ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ. ಮಣ್ಣು ತುಳಿದು, ಒಂದು ವರಸೆ ಹಾಕಿ, ಅದು ಒಣಗಿದ ಮೇಲೆ ಇನ್ನೊಂದು ವರಸೆ. ಅದರ ಮೇಲೆ ತೊಲೆ, ಜಂತೆ, ರೀಪು, ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ, ಅದು ನಮ್ಮ ಹಳ್ಳಿಗಳಿಗೆ ಬಂದಿದ್ದು ಇನ್ನೂ ಆಮೇಲೆ. ಅದಕ್ಕೂ ಮುಂಚೆ ಕುಂಬಾರರು ಮಾಡಿದ ನಾಡಹೆಂಚು, ಇಲ್ಲದವರಿಗೆ ಹುಲ್ಲು. ಇಂಥ ಮನೆ ಕಟ್ಟಿ ಬಿಟ್ಟರೆ ನಿಲ್ಲೋದಿಲ್ಲ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಬೇಕು. ಹಬ್ಬಕ್ಕೆ ಗೋಡೆಗೆ ಮಣ್ಣು ಮೆತ್ತಬೇಕು, ಸುಣ್ಣ ಬಳೀಬೇಕು. ಗೆದ್ದಲು ಹಿಡಿದ ಜಂತೆ ಬದಲಾಯಿಸಬೇಕು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಯಾವುದೋ ಒಂದು ಗೋಡೆ ಕೂರುತ್ತೆ. ಬಿದ್ದ ಮಣ್ಣನ್ನೇ ಮತ್ತೆ ಕಲಸಿ, ಅದೇ ಪಾಯದ ಮೇಲೆ ಎಬ್ಬಿಸಬೇಕು. ಇನ್ನೂರು ವರ್ಷದ ಮನೆ ಅಂತ ನಾವು ಹೇಳೋ ಮನೆಯಲ್ಲಿ ಇನ್ನೂರು ವರ್ಷದ ಗೋಡೆ ಇರೋದು ಅನುಮಾನ. ಇನ್ನೂರು ವರ್ಷದ್ದು ಅಂದರೆ ಪಾಯ, ಕಂಬ, ಬಾಗಿಲವಾಡ, ಆಮೇಲೆ ಪ್ರತಿ ವರ್ಷ ಮೆತ್ತೋ ಅಭ್ಯಾಸ.

ಕಾಯ್ದೆ ಪ್ರಕಾರ ಕೂತ ಗೋಡೆಯನ್ನ ಎಬ್ಬಿಸೋದು ದುರಸ್ತಿಯೋ ಪುನರ್ನಿರ್ಮಾಣವೋ? ಒಂದು ಗೋಡೆ ಆದರೆ ದುರಸ್ತಿ ಅಂತ ವಾದ ಮಾಡಬಹುದು. ಎರಡು? ಮನೆ ಪೂರ್ತಿ ಕೂತುಬಿಟ್ಟರೆ? ಆಗ ಅದು ಮನೆಯೇ ಅಲ್ಲ, ಬರೀ ಜಾಗ. 100 ಮೀಟರ್ ಒಳಗೆ ಬರೀ ಜಾಗದ ಮೇಲೆ ಏನೂ ಏಳೋ ಹಾಗಿಲ್ಲ. 2019ರ ಆಗಸ್ಟಿನ ಮಳೆ ನೆನಪಿರಬೇಕು ನಿಮಗೆ. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡ್ತೀವಿ ಅಂತ ರಾಜ್ಯ ಸರ್ಕಾರ ಹೇಳಿತು. ಮತ್ತೆ ಕಟ್ಟಿಕೊಳ್ಳಿ ಅಂತ ಒಂದು ಸರ್ಕಾರ ದುಡ್ಡು ಕೊಟ್ಟರೂ, ಗೆರೆಯೊಳಗಿದ್ದವರಿಗೆ ಇನ್ನೊಂದು ಸರ್ಕಾರದ ಕಾನೂನು ಕಟ್ಟಬೇಡಿ ಅನ್ನುತ್ತೆ. ಸಿಮೆಂಟಿನ ಮನೆಗೆ ಈ ತಾಪತ್ರಯ ಇಲ್ಲ. 1991ರಲ್ಲಿ ಯಾರೋ ಹಳೇ ಮನೆ ಕೆಡವಿ ಆರ್‌ಸಿಸಿ ಡಬ್ಬ ಕಟ್ಟಿಕೊಂಡಿದ್ದರೆ ಅದು ಕಾನೂನಿನ ಕಣ್ಣಿಗೆ ಭದ್ರವಾದ, ತಾರೀಖಿಗೆ ಮುಂಚಿನ, ಗೌರವಸ್ಥ ಕಟ್ಟಡ. ಗುಡಿಯ ಪಕ್ಕ ಚೆನ್ನಾಗಿ ಕಾಣೋ ಮಣ್ಣಿನ ಮನೆ ಮಾತ್ರ ಒಂದೊಂದೇ ಮಳೆಗಾಲಕ್ಕೆ ಹಕ್ಕು ಕಳ್ಕೊಳ್ಳುತ್ತೆ.

ನಮ್ಮ ಸೋದರತ್ತೆಯ ಮನೆ ಅಂಥ ಒಂದು ಊರಿನಲ್ಲಿದೆ. ಊರಿನ ಹೆಸರು ಬೇಡ. ಗುಡಿಯಿಂದ ಎಂಬತ್ತು ಮೀಟರ್ ಆಸುಪಾಸು. ಮೂರು ಅಂಕಣದ ಮನೆ, ಹಿತ್ತಲ ಕಡೆಗೆ ಬಚ್ಚಲು, ಅದರಾಚೆ ಕಕ್ಕಸು. "ಮಂಡಿ ನೋವು ಕಣಪ್ಪ, ರಾತ್ರಿ ಹೊತ್ತು ಹಿತ್ತಲಿಗೆ ಹೋಗಕ್ಕಾಗಲ್ಲ. ಒಳಗೇ ಒಂದು ಮಾಡ್ಸಿಕೊಟ್ಬಿಡು," ಅಂತ ಅತ್ತೆ ಕೇಳಿದ್ದು ಇಷ್ಟೇ. ಮನೆಗೆ ಆತುಕೊಂಡ ಹಾಗೆ ಒಂದು ಟಾಯ್ಲೆಟ್ ಕಟ್ಟಿಸೋಣ ಅಂದರೆ ಅದು ಅಡ್ಡಕ್ಕೆ ಬೆಳೆಸಿದ ಹಾಗೆ, ಅಂದರೆ ನಿರ್ಮಾಣ. ಕಾಯ್ದೆಯ ವ್ಯಾಖ್ಯಾನ ಓದ್ತಾ ಓದ್ತಾ ನಗು ಬಂತು. ಚರಂಡಿ, ಸಾರ್ವಜನಿಕ ಶೌಚಾಲಯ ಕಟ್ಟಿದರೆ ಅದನ್ನ 'ನಿರ್ಮಾಣ' ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಪ್ರವಾಸಿಗಳಿಗೆ ಟಾಯ್ಲೆಟ್ ಕಟ್ಟೋಕೆ ವ್ಯಾಖ್ಯಾನದಲ್ಲೇ ವಿನಾಯಿತಿ ಇದೆ. ಎಪ್ಪತ್ತೆರಡು ವರ್ಷದ ಮನೆಯೊಡತಿಗೆ ಇಲ್ಲ.

ದಾರಿ ಇರೋದು ಒಳಗಡೆ. ಉಗ್ರಾಣವನ್ನೇ ಎರಡು ಭಾಗ ಮಾಡಿ ಒಂದರಲ್ಲಿ ಟಾಯ್ಲೆಟ್ ಮಾಡಿದರೆ ಮನೆಯ ಅಳತೆ ಬದಲಾಗಲ್ಲ, ಅದು ನವೀಕರಣ. ಅದಕ್ಕೇ ಅರ್ಜಿ ಹಾಕಿದೆವು. ಈಗ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಮನೆ ಇರೋ ಜಾಗವನ್ನ ಇಸ್ರೋ ನಕ್ಷೆಯ ಮೇಲೆ ಗುರುತಿಸೋ ಮೊಬೈಲ್ ಆ್ಯಪ್ ಕೂಡ ಮಾಡಿದ್ದಾರೆ. ಕಾಯ್ದೆಯಲ್ಲಿ ಗಡುವೂ ಇದೆ. ಸಕ್ಷಮ ಪ್ರಾಧಿಕಾರ 15 ದಿನದೊಳಗೆ ಅರ್ಜಿಯನ್ನ ರಾಷ್ಟ್ರೀಯ ಪ್ರಾಧಿಕಾರಕ್ಕೆ ಕಳಿಸಬೇಕು, ಅವರು ಎರಡು ತಿಂಗಳಲ್ಲಿ ಶಿಫಾರಸು ಮಾಡಬೇಕು, ಆಮೇಲೆ ಒಂದು ತಿಂಗಳಲ್ಲಿ ತೀರ್ಮಾನ ತಿಳಿಸಬೇಕು. ಎಲ್ಲ ಸರಿಯಾಗಿ ನಡೆದರೂ ಮೂರೂವರೆ ತಿಂಗಳು. ಜೂನ್ ಒಂದರ ಮಳೆಗೆ ಗೋಡೆ ಬಿರುಕು ಬಿಟ್ಟು ಅವತ್ತೇ ಅರ್ಜಿ ಹಾಕಿದರೆ ಸೆಪ್ಟೆಂಬರ್ ಮಧ್ಯಕ್ಕೆ ಉತ್ತರ. ಆ ಹೊತ್ತಿಗೆ ಮುಂಗಾರು ಮುಗೀತಾ ಬಂದಿರುತ್ತೆ, ಗೋಡೆಯೂ.

ಇದಲ್ಲದೆ ಊರಿನ ಪಂಚಾಯ್ತಿಯ ಲೈಸೆನ್ಸ್ ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಮನೆ ಕಟ್ಟೋಕೂ, ಇದ್ದದ್ದನ್ನ ಬದಲಾಯಿಸೋಕೂ ಗ್ರಾಮ ಪಂಚಾಯ್ತಿ ಅನುಮತಿ ಬೇಕು. ಅದಕ್ಕೆ ಇ-ಸ್ವತ್ತು ಬೇಕು. ಇ-ಸ್ವತ್ತಿಗೆ ಅಜ್ಜನ ಹೆಸರಿಂದ ಖಾತೆ ಬದಲಾಗಿರಬೇಕು. ಅಜ್ಜನಿಗೆ ಐದು ಜನ ಮಕ್ಕಳು. ಹಳ್ಳಿಯ ಮನೆಗಳ ಕಥೆ ಗೊತ್ತಿದ್ದವರಿಗೆ ಉಳಿದಿದ್ದು ನಾನು ಹೇಳಬೇಕಾಗಿಲ್ಲ.

ಅತ್ತೆ ಮನೆಗೆ ಅನುಮತಿ ಬಂತು. ಅದು ಬರೋ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಹಿತ್ತಲ ಗೋಡೆ ಬೀಳದ ಹಾಗೆ ಟಾರ್ಪಾಲು ಹೊದಿಸಿ, ಅಡಿಕೆ ಮರದ ಊರೆ ಕೊಟ್ಟು ನಿಲ್ಲಿಸಿಕೊಂಡಿದ್ದೆವು. ಅಷ್ಟರಲ್ಲಿ ಅದೇ ಬೀದಿಯಲ್ಲಿ ಒಂದು ಸಾಲು ರಜೆ ಬಂದಾಗ, ಕಚೇರಿಗಳೆಲ್ಲ ಮುಚ್ಚಿದ್ದ ನಾಲ್ಕು ದಿನದಲ್ಲಿ, ಒಂದು ಹೆಂಚಿನ ಮನೆ ಹೋಗಿ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದು ನಿಂತಿತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಣ್ಣಿನ ಗೋಡೆ ಎಬ್ಬಿಸೋಕೆ ತಿಂಗಳುಗಟ್ಟಲೆ ಬೇಕು, ಕದ್ದು ಮಾಡೋಕೆ ಆಗಲ್ಲ. ಸಿಮೆಂಟ್ ಗೋಡೆ ನಾಲ್ಕು ದಿನದ ಕೆಲಸ. ಮುಚ್ಚುಮರೆಯಲ್ಲಿ ಮಾಡಲೇಬೇಕಾದಾಗ ಜನ ಸಿಮೆಂಟನ್ನೇ ಆರಿಸಿಕೊಳ್ತಾರೆ. ಪಾರಂಪರಿಕ ನೋಟ ಉಳಿಸಬೇಕು ಅಂತ ಬಂದ ನಿಯಮ ಹೀಗೆ ತನಗೇ ಗೊತ್ತಿಲ್ಲದೆ ಸಿಮೆಂಟಿನ ಪರ ನಿಂತುಬಿಡುತ್ತೆ.

ಇನ್ನು ಗುಡಿಯ ಕಡೆಗೆ ತಿರುಗೋಣ. ಬೇಲೂರಿನ ಚೆನ್ನಕೇಶವನನ್ನ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ನಾವು ಇವತ್ತು ನೋಡೋದು ಆ 1117ರ ಕಟ್ಟಡವನ್ನೇ ಅಂದುಕೊಂಡಿರ್ತೀವಿ. ಮಂಟಪದ ಸುತ್ತಲಿನ ಜಾಲಂಧ್ರಗಳು ಮೊದಲು ಇರಲಿಲ್ಲ, ಅವನ್ನ ಕೂರಿಸಿದ್ದು ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ. ವಿಜಯನಗರದ ಎರಡನೇ ಹರಿಹರನ ಕಾಲಕ್ಕೆ ಬನ್ನಿ: 1381ರಲ್ಲಿ ಅವನ ಅಧಿಕಾರಿ ಕಂಪಣ್ಣ ಒಳಗೆ ಆಸರೆಗೆ ನಾಲ್ಕು ಕಂಬ ನಿಲ್ಲಿಸಿದ. 1387ರಲ್ಲಿ ಮಲಗರಸ ಶಿಖರಕ್ಕೆ ಕಳಶ ಇಡಿಸಿದ. ಬೆಂಕಿಗೆ ಹೋಗಿದ್ದ ಹೆಬ್ಬಾಗಿಲಿನ ಗೋಪುರವನ್ನ 1397ರಲ್ಲಿ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಕೊನೆಗೆ 1879ರಲ್ಲಿ, ಭಾರ ತಡೀದೆ ಕೆಳಗಿನ ಕಟ್ಟಡಕ್ಕೆ ಅಪಾಯ ಆಗುತ್ತೆ ಅಂತ, ಗರ್ಭಗುಡಿಯ ಮೇಲಿನ ಶಿಖರವನ್ನೇ ಇಳಿಸಿಬಿಟ್ಟರು. ಬೇಲೂರಿಗೆ ಹೋದವರು ಮೊದಲು ಫೋಟೊ ತೆಗೆಯೋದು ಆ ಗೋಪುರದ್ದು. ಮೂಲ ಗುಡಿಗಿಂತ 280 ವರ್ಷ ಈಚಿನದು ಅದು, ಹೊಯ್ಸಳ ಶೈಲಿಯೇ ಅಲ್ಲ. ಗುಂಡ ಇವತ್ತು ಅರ್ಜಿ ಹಾಕಿದ್ದರೆ ಯಾವ ಕಾಲಂನಲ್ಲಿ ಟಿಕ್ ಮಾಡಬೇಕಿತ್ತು? ದುರಸ್ತಿ ಅಂತೂ ಅಲ್ಲ.

ನಮ್ಮ ಶಾಸನಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: ಖಂಡಸ್ಫುಟಿತ ಜೀರ್ಣೋದ್ಧಾರ. ದೇವರಿಗೆ ಭೂಮಿ ದಾನ ಕೊಡುವಾಗ ಪೂಜೆಗಿಷ್ಟು, ನೈವೇದ್ಯಕ್ಕಿಷ್ಟು, ತಪಸ್ವಿಗಳ ಊಟಕ್ಕಿಷ್ಟು ಅಂತ ಬರೀತಾರಲ್ಲ, ಆ ಪಟ್ಟಿಯಲ್ಲಿ ಇದೂ ಒಂದು. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇದನ್ನೆಲ್ಲ ಸರಿಪಡಿಸೋ ಖರ್ಚು. ಗುಡಿ ಕಟ್ಟಿಸೋ ದಿನವೇ ಅದು ಒಡೆಯುತ್ತೆ ಅಂತ ಅವರಿಗೆ ಗೊತ್ತಿತ್ತು. ಒಡೆದಾಗ ಯಾರನ್ನೋ ಕೇಳಿ ಅಂತ ಬರೀಲಿಲ್ಲ. ಒಡೆದಾಗ ಖರ್ಚಿಗೆ ಈ ಗದ್ದೆಯ ಹುಟ್ಟುವಳಿ ತಗೊಳ್ಳಿ ಅಂತ ಕಲ್ಲಿನ ಮೇಲೆ ಬರೆದಿಟ್ಟರು. ಸಾಫ್ಟ್‌ವೇರ್‌ನಲ್ಲಿ ಹೊಸ ಫೀಚರ್‌ಗೆ ಬಜೆಟ್ ಸಿಗುತ್ತೆ, ಮೇಂಟೆನೆನ್ಸ್‌ಗೆ ಸಿಗಲ್ಲ. ಈ ವಿಷಯದಲ್ಲಿ ಹೊಯ್ಸಳರ ಮ್ಯಾನೇಜರ್‌ಗಳು ನಮ್ಮವರಿಗಿಂತ ವಾಸಿ.

ಆ ವ್ಯವಸ್ಥೆ ನಿಂತಾಗ ಏನಾಯ್ತು ಅನ್ನೋದಕ್ಕೆ ಹಳೇಬೀಡಿನಲ್ಲೇ ಸಾಕ್ಷಿ ಇದೆ. ದೋರಸಮುದ್ರ ಅಂತ ಮೆರೆದ ರಾಜಧಾನಿ ಹದಿನಾಲ್ಕನೇ ಶತಮಾನದ ದಾಳಿಗಳ ಮೇಲೆ ಹಳೇ ಬೀಡು ಆಯ್ತು. ಅಲ್ಲಿನ ಕೇದಾರೇಶ್ವರ ದೇವಸ್ಥಾನವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಹಾಳು ಮಾಡಿದ್ದು ಸೈನ್ಯ ಅಲ್ಲ, ಪಕ್ಕದ ಮನೆಯವರೂ ಅಲ್ಲ. ಶಿಖರದಲ್ಲಿ ಬೇರು ಬಿಟ್ಟ ಒಂದು ಮರ. ಜೇಮ್ಸ್ ಫರ್ಗುಸನ್ 1876ರ ತನ್ನ ಪುಸ್ತಕದಲ್ಲಿ ಈ ಗುಡಿಯನ್ನ ಹಾಡಿ ಹೊಗಳಿ, ಅದು ಹಾಳಾಗ್ತಿರೋದನ್ನೂ ಬರೆದ. ಸಸಿ ಇದ್ದಾಗ ಕೈಯಲ್ಲಿ ಕೀಳಬಹುದಾಗಿದ್ದನ್ನ ಯಾರೂ ಕೀಳಲಿಲ್ಲ, ಅಷ್ಟೇ.

ಹಾಗಂತ ಗೆರೆಯೇ ಬೇಡ ಅನ್ನೋಕೆ ನನಗೆ ಧೈರ್ಯ ಇಲ್ಲ. ಗೆರೆ ಇಲ್ಲದಿದ್ದರೆ ಹೊಯ್ಸಳೇಶ್ವರನ ಬೆನ್ನಿಗೇ ನಾಲ್ಕಂತಸ್ತಿನ ಲಾಡ್ಜು, ಅದರ ತಲೆ ಮೇಲೆ ಮೊಬೈಲ್ ಟವರ್ ಬಂದಿರ್ತಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೆಂಗಳೂರಿನ ಕೆರೆಗಳಿಗೆ ಏನಾಯ್ತು ಅಂತ ನೋಡಿದವರು ನಾವು. ಆದರೆ ಗೆರೆ ಎಳೆದು ಅದರೊಳಗಿನ ಜನರನ್ನ ಮರೆತರೆ ಕೊನೆಗೆ ಎಲ್ಲಿಗೆ ಬರುತ್ತೆ ಅನ್ನೋದಕ್ಕೆ ಹಂಪಿ ಇದೆ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ತಲೆಮಾರುಗಳಿಂದ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನ 2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ತಂದು ಎಬ್ಬಿಸಿದರು. ಮಂಟಪಗಳಿಗೆ ಗೋಡೆ ಕಟ್ಟಿ ಹಾಳು ಮಾಡಿದ್ದರು ಅನ್ನೋದು ನಿಜ. ಬೀದಿ ಖಾಲಿಯಾಗಿದ್ದೂ ನಿಜ. ಅದೇ ಹಂಪಿಯ ಹೊಳೆಯಾಚೆ ಆನೆಗೊಂದಿಯಲ್ಲಿ ಕಿಷ್ಕಿಂಧ ಟ್ರಸ್ಟ್ ಎಂಬ ಸಂಸ್ಥೆ ಹಳೇ ಮನೆಗಳನ್ನ ಹಳೇ ಕ್ರಮದಲ್ಲೇ ರಿಪೇರಿ ಮಾಡಿಸಿ, ಪ್ರವಾಸಿಗಳು ಉಳಿಯೋ ಹಾಗೆ ಮಾಡಿದೆ. ಒಂದೇ ಪಾರಂಪರಿಕ ಪ್ರದೇಶದೊಳಗೆ ಎರಡು ದಾರಿ.

ಬೇರೆ ದೇಶದಲ್ಲಿ ಏನು ಮಾಡ್ತಾರೆ ಅನ್ನೋ ಕುತೂಹಲ ಹುಟ್ಟಿದ್ದು ಆಫೀಸಿನಲ್ಲಿ. ನಮ್ಮ ಟೀಮಿನ ಒಬ್ಬ ಹಿರಿಯ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹಳೇ ಹುಲ್ಲಿನ ಕೊಟ್ಟಿಗೆ ಕೊಂಡು ಅದನ್ನ ಮನೆ ಮಾಡಿಕೊಳ್ತಿದ್ದಾನೆ. ಊರಲ್ಲೊಂದು ಹಳೇ ಚರ್ಚು, ಅದೂ ಸಂರಕ್ಷಿತ. ಕಾಲ್‌ನಲ್ಲಿ ಅವನ ಗೋಳು ಕೇಳಿದಾಗ ನಮ್ಮತ್ತೆಯ ಗೋಳು ಕೇಳಿದ ಹಾಗೇ ಅನ್ನಿಸ್ತು. ಅವರ ಗೆರೆ ನಮ್ಮದಕ್ಕಿಂತ ದೊಡ್ಡದು. 1913ರ ಸ್ಮಾರಕ ಕಾನೂನಿಗೆ 1943ರಲ್ಲಿ ಸೇರಿಸಿದ ನಿಯಮದ ಪ್ರಕಾರ 500 ಮೀಟರ್. ಆದರೆ ಅದರೊಳಗೆ ಇರೋದು ನಿಷೇಧ ಅಲ್ಲ. ಸ್ಮಾರಕದಿಂದ ನಿನ್ನ ಮನೆ ಕಾಣುತ್ತಾ, ಅಥವಾ ಎರಡೂ ಒಟ್ಟಿಗೆ ಕಣ್ಣಿಗೆ ಬೀಳ್ತಾವಾ ಅಂತ ನೋಡ್ತಾರೆ. ಬಿದ್ದರೆ ಸರ್ಕಾರ ನೇಮಿಸಿದ ವಾಸ್ತುಶಿಲ್ಪಿಯೊಬ್ಬ ಹೆಂಚು ಯಾವುದು, ಕಿಟಕಿ ಮರದ್ದೋ ಪ್ಲಾಸ್ಟಿಕ್ಕೋ, ಗಾರೆ ಯಾವ ಬಣ್ಣ ಅಂತ ಹೇಳ್ತಾನೆ. ಸಣ್ಣ ಬದಲಾವಣೆಗೆ ಒಂದು ತಿಂಗಳು, ಮನೆ ಪರವಾನಗಿಗೆ ಎರಡು ತಿಂಗಳು, ಸ್ಮಾರಕದ ಪಕ್ಕ ಅಂದರೆ ಇನ್ನೊಂದು ತಿಂಗಳು ಜಾಸ್ತಿ. ಜಾಗ ಕೊಳ್ಳೋಕೆ ಮುಂಚೆಯೇ ಅಲ್ಲಿ ಏನು ಮಾಡಬಹುದು ಅಂತ ಸರ್ಟಿಫಿಕೇಟ್ ಕೇಳಿ ಪಡೀಬಹುದು. 2016ರ ಕಾನೂನಿನ ಮೇಲೆ 500 ಮೀಟರ್ ವೃತ್ತದ ಬದಲು ಪ್ರತಿ ಸ್ಮಾರಕಕ್ಕೂ ಅದರ ಊರಿಗೆ ಹೊಂದೋ ಗಡಿ ಎಳೆಯೋಕೂ ಅವಕಾಶ ಇದೆ. ಖಾಸಗಿ ಹಳೇ ಮನೆಗಳ ರಿಪೇರಿಗೆ ನೆರವಾಗೋಕೆ ಅಂತಲೇ 1996ರ ಕಾನೂನೊಂದರಿಂದ ಹುಟ್ಟಿದ ಪ್ರತಿಷ್ಠಾನ ಬೇರೆ. ನಮ್ಮ ಹಿರಿಯ ಆ ವಾಸ್ತುಶಿಲ್ಪಿಯನ್ನ ದಿನಾ ಬೈಕೊಳ್ತಾನೆ. ಆದರೆ ಅವನ ಕೊಟ್ಟಿಗೆ ನಿಂತಿದೆ, ಅದಕ್ಕೆ ಹಳೇ ಥರದ ಹೆಂಚೇ ಬಂದಿದೆ.

ಮಾಲಿ ದೇಶದ ಜೆನ್ನೆ ಅನ್ನೋ ಊರು 1988ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. ವರ್ಷಕ್ಕೊಮ್ಮೆ ಊರೇ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತೆ, ಹಬ್ಬದ ಥರ. ಅದರ ಜೊತೆಗೆ ಮಣ್ಣಿನ ಮನೆಗಳೂ ಪಟ್ಟಿಯ ಭಾಗ. ಪುನಃ ಪುನಃ ಮೆತ್ತೋದೇ ಆ ಊರಿನ ಪರಂಪರೆ ಅಂತ ಜಗತ್ತು ಒಪ್ಪಿಕೊಂಡಿದೆ.

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ನಡೆದ ಸಭೆಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳೂ ಆ ಪಟ್ಟಿ ಸೇರಿದವು. ಪಟ್ಟಿಯಲ್ಲಿರೋದು ಗುಡಿ. ಸುತ್ತಲಿನ ಊರು ಬಫರ್ ವಲಯ. ಬಫರ್ ಅನ್ನೋ ಪದಕ್ಕೆ ನಮ್ಮ ಕೆಲಸದಲ್ಲಿ ಅರ್ಥ ಗೊತ್ತಲ್ಲ, ನಿಜವಾದ ವಸ್ತುವಿಗೆ ಪೆಟ್ಟು ಬೀಳದಿರಲಿ ಅಂತ ಮಧ್ಯೆ ಇಡೋದು. ಈಗ ವೀಕೆಂಡ್ ಜನ ಜಾಸ್ತಿ, ಹೋಮ್‌ಸ್ಟೇ ಬೇಡಿಕೆ ಜಾಸ್ತಿ, ಹಳೇ ತೊಟ್ಟಿಮನೆ ಸಿಕ್ಕರೆ ಕೊಳ್ಳೋಣ ಅನ್ನೋ ನಮ್ಮಂಥವರೂ ಜಾಸ್ತಿ. ಈ ಒತ್ತಡಕ್ಕೆ ಒಂದೇ ಅಳತೆಯ ಗೆರೆ ಸಾಲಲ್ಲ.

ಹೊಸ ಕಾನೂನೇನೂ ಬೇಕಾಗಿಲ್ಲ. 2010ರ ತಿದ್ದುಪಡಿಯಲ್ಲೇ ಪ್ರತಿ ಸ್ಮಾರಕಕ್ಕೂ ಬೇರೆ ಬೇರೆ ಪಾರಂಪರಿಕ ಉಪವಿಧಿ ಬರೀಬೇಕು ಅಂತಿದೆ. ಎತ್ತರ ಎಷ್ಟು, ಚಾವಣಿ ಯಾವುದು, ಗೋಡೆ ಯಾವುದು ಅಂತ ಆ ಊರು ನೋಡಿ ಬರೆಯೋ ನಿಯಮ. ಅಲ್ಲಿ ಮಣ್ಣಿನ ಗೋಡೆ, ಹೆಂಚಿನ ಸೂರನ್ನ ಹೆಸರಿಟ್ಟು ಬರೀಬೇಕು. ನೂರು ಮೀಟರ್ ಒಳಗೂ ಬಿದ್ದ ಮಣ್ಣಿನ ಗೋಡೆಯನ್ನ ಅದೇ ಪಾಯದ ಮೇಲೆ ಮಣ್ಣಿನಲ್ಲೇ ಎಬ್ಬಿಸಿದರೆ ಅದನ್ನ ದುರಸ್ತಿ ಅಂತ ಲೆಕ್ಕ ಹಾಕಬೇಕು. ಹೆಂಚು ಕೈಯಾಡಿಸೋಕೂ ಅರ್ಜಿ ಬೇಕೇನಪ್ಪ ಅನ್ನೋ ಭಯ ಜನರಿಂದ ಹೋಗಬೇಕು. ಹಳೇ ಶಾಸನದವರು ಮಾಡಿದ ಹಾಗೆ ಅದಕ್ಕೊಂದು ಖರ್ಚಿನ ಬಾಬ್ತೂ ಇದ್ದರೆ, ಮಣ್ಣು ತುಳಿಯೋಕೆ ಬರೋ ಕೆಲವೇ ಕೈಗಳಿಗೂ ಕೆಲಸ ಸಿಗುತ್ತೆ.

ಅಲ್ಲಿಯವರೆಗೆ ಊರಲ್ಲಿ ಹಳೇ ಮನೆ ಇರೋರು, ಅದೂ ಗುಡಿ ಪಕ್ಕ ಇರೋರು, ಒಂದು ಕೆಲಸ ಮಾಡಿ. ಈ ದೀಪಾವಳಿಗೆ ಹೋದಾಗ ಟೇಪು ಹಿಡಿದು ಮನೆ ಅಳೆಯಿರಿ. ಉದ್ದ, ಅಗಲ, ಸೂರಿನ ಎತ್ತರ, ಪ್ರತಿ ಗೋಡೆಯದ್ದೂ. ನಾಲ್ಕೂ ದಿಕ್ಕಿಂದ ಫೋಟೊ ತೆಗೀರಿ. 1992ಕ್ಕೆ ಮುಂಚಿನ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಪಾಲುಪಟ್ಟಿ ಏನಿದೆ ಹುಡುಕಿ ಸ್ಕ್ಯಾನ್ ಮಾಡಿ. ನಮ್ಮ ಕೈಗೆ ಸಿಕ್ಕಿದ್ದು ಅತ್ತೆಯ ಮದುವೆ ಫೋಟೊ. 1978ರದ್ದು, ಕಪ್ಪು-ಬಿಳುಪು. ಚಪ್ಪರದ ಹಿಂದೆ ಜಗಲಿ, ಎರಡು ಕಂಬ, ಹೆಂಚಿನ ಸೂರು ಸ್ಪಷ್ಟವಾಗಿ ಕಾಣುತ್ತೆ. ಅದನ್ನೂ ಅರ್ಜಿಗೆ ಲಗತ್ತಿಸಿದೆವು. ಅತ್ತೆ ಈಗ ರಾತ್ರಿ ಹಿತ್ತಲಿಗೆ ಹೋಗೋದಿಲ್ಲ. ಹಿತ್ತಲ ಗೋಡೆಗೆ ಊರೆ ಇನ್ನೂ ಇದೆ, ಅದರ ಅರ್ಜಿ ಬೇರೆ ಹಾಕಬೇಕು. ಮಳೆಗೆ ಮುಂಚೆ.